ಕಲ್ಲಿದ್ದಲ ಕರೆಂಟಿನ ಸ್ಕೂಟರ್: ಯಾದಗಿರಿಗೆ ಲಾಭವೇ?

“ಎಲೆಕ್ಟ್ರಿಕ್ ಸ್ಕೂಟರ್‌ಗೂ ಕಲ್ಲಿದ್ದಲ ಕರೆಂಟೇ ಬೇಕು, ಹೊಗೆ ಅಷ್ಟೇ” ಎಂಬ ಮೆಸೇಜ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಇದು ಅರ್ಧ ಸತ್ಯ. ಪಕ್ಕದ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಯುವುದು ಹೌದು. ಆದರೆ ಲೆಕ್ಕ ನೋಡೋಣ.

ಯಾದಗಿರಿಯಿಂದ ಶಹಾಪುರ ದಾಟಿ ಸುರಪುರಕ್ಕೆ ಹೋಗಿಬಂದರೆ ಸುಮಾರು 100 ಕಿ.ಮೀ. ಎಂದುಕೊಳ್ಳಿ. ಪೆಟ್ರೋಲ್ ಸ್ಕೂಟರ್ ಅಷ್ಟಕ್ಕೆ 2 ಲೀಟರ್ ಕುಡಿದು 4.6 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಎಲೆಕ್ಟ್ರಿಕ್‌ಗೆ ಸುಮಾರು 3 ಯೂನಿಟ್ ಸಾಕು. ಅಷ್ಟೂ ಕಲ್ಲಿದ್ದಲಿನದೇ ಆದರೂ 3 ಕೆ.ಜಿ. ಆಸುಪಾಸು. ನಮ್ಮ ಕರೆಂಟಿನಲ್ಲಿ ಬಿಸಿಲು, ಗಾಳಿ, ನೀರಿನ ಪಾಲೂ ಇರುವುದರಿಂದ ವಾಸ್ತವದಲ್ಲಿ ಇನ್ನೂ ಕಡಿಮೆ.

ಸುರಪುರದ ಬಜಾರಿನಲ್ಲಿ ನಿಂತವರ ಮೂಗಿಗಂತೂ ಅದರ ಹೊಗೆ ಬಾರದು. ಶಕ್ತಿನಗರದವರಿಗೆ ಹೊಗೆ, ಬೂದಿ ತಪ್ಪಿದ್ದಲ್ಲ. ಹಾಗಾಗಿ “ಹೊಗೆಯೇ ಇಲ್ಲ” ಎಂಬ ಫಾರ್ವರ್ಡನ್ನೂ ನಾವು ಒಪ್ಪುವುದಿಲ್ಲ.

ಅಂದಹಾಗೆ, ನಮ್ಮ ಬೇಸಿಗೆಯ ಬಿಸಿಲಲ್ಲಿ ಓಡಿಸಿ ಬಂದ ಗಾಡಿಯನ್ನು ನೆರಳಲ್ಲಿ ಆರಲು ಬಿಟ್ಟು ಚಾರ್ಜ್‌ಗೆ ಹಾಕಿ.