ಕಾಳಿಯ ಕಲ್ಲಿನ ಮುಂದೆ

ಮ್ಯೂಸಿಯಂ ನೋಡುವ ನಮ್ಮ ಪದ್ಧತಿಯೇ ಒಂದು ಬಗೆ. ಲಾಲ್‌ಬಾಗ್, ವಿಧಾನಸೌಧ ಎಲ್ಲ ಮುಗಿದು, ಬಸ್ಸು ಹೊರಡಲು ಅರ್ಧ ಗಂಟೆ ಉಳಿದಾಗ ಒಳಗೆ ಹೋಗುತ್ತೇವೆ. ಅದರಲ್ಲೂ ನಾವು ಹೆಂಗಸರು! ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಬುತ್ತಿಯ ಚೀಲ. ಮುಂದಿನ ಕೋಣೆಯಿಂದ “ಬೇಗ ಬಾರೇ” ಎಂಬ ಕೂಗು. ಹೊರಗೆ ಬಂದಮೇಲೆ ಏನು ಕಂಡಿರಿ ಎಂದರೆ, “ಹಳೇ ಕಲ್ಲುಗಳು” ಎನ್ನುತ್ತೇವೆ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಆರಂಭವಾದದ್ದು 1865ರಲ್ಲಿ. ಕೆಂಪು ಬಣ್ಣದ ಈಗಿನ ಕಟ್ಟಡ 1877ರದು. ಹೈಸ್ಕೂಲಿನ ಹುಡುಗಿಯರನ್ನು ಅಲ್ಲಿಗೆ ಕರೆದೊಯ್ದಾಗ ನಾನು ಒಂದು ನಿಯಮ ಮಾಡಿದೆ. ಎಲ್ಲವನ್ನೂ ನೋಡುವುದು ಬೇಡ. ಒಂದೇ ಕಲ್ಲಿನ ಮುಂದೆ ಕಾಲು ಗಂಟೆ ಕೂರಬೇಕು. ಆ ಕಲ್ಲು ಮಂಡ್ಯ ಜಿಲ್ಲೆಯ ಆತಕೂರಿನಿಂದ ಬಂದದ್ದು.

ಕ್ರಿ.ಶ. 949-50ರ ಶಾಸನವದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಕಾದಿದ ಗಂಗರ ಬೂತುಗ, ಚೋಳರ ರಾಜಾದಿತ್ಯನನ್ನು ಕೊಂದ. ಬೂತುಗನ ಕಡೆಯ ವೀರ ಮಣಲೇರ. ಅವನ ಪರಾಕ್ರಮಕ್ಕೆ ಮೆಚ್ಚಿದ ಬೂತುಗ ಏನು ಬೇಕೋ ಕೇಳು ಎಂದಾಗ, ಮಣಲೇರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಕಾಳಿಯನ್ನು ಬಿಟ್ಟರು. ಎರಡೂ ಕಾದಾಡಿ ಒಟ್ಟಿಗೆ ಸತ್ತವು. ಕಾಳಿಯ ನೆನಪಿಗೆ ಚಲ್ಲೇಶ್ವರ ದೇವಾಲಯದ ಮುಂದೆ ಈ ಕಲ್ಲು ನಿಂತಿತು.

ಮೊದಲ ಎರಡು ನಿಮಿಷ ಹುಡುಗಿಯರು ಕಿಸಿಕಿಸಿ ನಕ್ಕರು. ಐದು ನಿಮಿಷವಾದಮೇಲೆ ಮೌನ. ಸುತ್ತಲಿನ ಅಕ್ಷರಗಳ ನಡುವೆ ನಾಯಿಯೂ ಹಂದಿಯೂ ಹೋರಾಡುತ್ತಿರುವುದು ಕಣ್ಣಿಗೆ ಬಿತ್ತು. ಒಬ್ಬಳು ಹಳಗನ್ನಡದ ಲಿಪಿಯಲ್ಲಿ ತನಗೆ ಪರಿಚಯದ ಅಕ್ಷರ ಹುಡುಕತೊಡಗಿದಳು. ಇನ್ನೊಬ್ಬಳು ಕೇಳಿದಳು: “ಮಿಸ್, ನಾಯಿಗೆ ಹೆಸರಿದೆ, ಹಂದಿಗೆ ಯಾಕಿಲ್ಲ?” ಇಪ್ಪತ್ತು ವರ್ಷ ಇತಿಹಾಸ ಪಾಠ ಮಾಡಿದ ನನಗೆ ಅದಕ್ಕಿಂತ ಒಳ್ಳೆಯ ಪ್ರಶ್ನೆ ತರಗತಿಯಲ್ಲಿ ಸಿಕ್ಕಿರಲಿಲ್ಲ. ಹೆಸರು ಉಳಿಯುವುದು ಗೆದ್ದವರದು, ಗೆದ್ದವರಿಗೆ ಬೇಕಾದವರದು. ಇತಿಹಾಸದಲ್ಲಿ ಹೆಂಗಸರ ಹೆಸರುಗಳು ಏಕೆ ಇಷ್ಟು ಕಡಿಮೆ ಎಂಬ ಮಾತು ಅಲ್ಲಿಂದಲೇ ಹೊರಟಿತು. ಬಸ್ಸಿನಲ್ಲೂ ಮುಂದುವರಿಯಿತು.

ನನ್ನ ಮನಸ್ಸಿನಲ್ಲಿ ಉಳಿದದ್ದು ಶಾಸನದ ಕೊನೆಯ ಭಾಗ. ಆ ಕಲ್ಲಿಗಾಗಿ ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟಿದ್ದಾರೆ. ಅದನ್ನು ನೋಡಿಕೊಳ್ಳುವ ಗೊರವ, ಎಂದರೆ ಶೈವ ಅರ್ಚಕ, ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಎಂದು ಬರೆದಿದ್ದಾರೆ. ದೇವರಿಗೆ ದೀಪ ಹಚ್ಚದೆ ತಿಂಡಿ ತಿನ್ನದ ನಮಗೆ ಈ ಕಟ್ಟಳೆ ಹೊಸದೇನಲ್ಲ. ಆದರೆ ಯೋಚಿಸಿ ನೋಡಿ: ಒಂದು ಕಲ್ಲಿನ ಮುಂದೆ ಒಬ್ಬ ಮನುಷ್ಯ ದಿನವೂ ನಿಲ್ಲಬೇಕಾದರೆ ಅವನ ಹೊಟ್ಟೆಗೆ ಏರ್ಪಾಡು ಬೇಕು ಎಂದು ಆ ಕಾಲದವರಿಗೆ ಗೊತ್ತಿತ್ತು. ನಿಂತು ನೋಡುವ ಬಿಡುವು ತಾನಾಗಿ ಬರುವುದಿಲ್ಲ, ಯಾರಾದರೂ ಬಿಟ್ಟುಕೊಡಬೇಕು.

ನಮಗೆ ಯಾರೂ ಖಂಡುಗ ಭೂಮಿ ಬಿಡುವುದಿಲ್ಲ. ಅರ್ಧ ಗಂಟೆಯನ್ನಾದರೂ ಕೇಳಿ ಪಡೆಯಬಹುದಲ್ಲ! ಯಾವ ಊರಿನ ಮ್ಯೂಸಿಯಂಗಾದರೂ ಸರಿ, ಮುಂದಿನ ಸಲ ಹೋದಾಗ ಬುತ್ತಿಯ ಚೀಲವನ್ನೂ ಮಗುವನ್ನೂ ಯಜಮಾನರ ಕೈಗೆ ಕೊಡಿ. ಇಷ್ಟವಾದ ಒಂದೇ ಕಲ್ಲನ್ನೋ ಚಿತ್ರವನ್ನೋ ಆರಿಸಿಕೊಳ್ಳಿ. ಮೊದಲ ಎರಡು ನಿಮಿಷ ಏನೂ ಕಾಣುವುದಿಲ್ಲ. ಬೇಸರಪಡದೆ ನಿಲ್ಲಿ. ಉಳಿದವರು ಹೊರಗೆ ಕಾಯಲಿ.