ಧ್ವನಿಮುದ್ರಿಕೆಯ ನಿರೀಕ್ಷೆ: ವಿಜ್ಞಾನ ಧಾರಾವಾಹಿಗಳ ಹಿನ್ನೆಲೆ ಸಂಗೀತ

ಕನ್ನಡ ಚಲನಚಿತ್ರಗಳಲ್ಲಿ ಧ್ವನಿಸುರುಳಿಯ ಬಿಡುಗಡೆ ಮೊದಲು, ಚಿತ್ರ ಅನಂತರ. ಹಾಡುಗಳು ಜನರ ಬಾಯಲ್ಲಿ ನೆಲೆಸಿದ ಮೇಲೆ ಚಿತ್ರ ತೆರೆಗೆ ಬರುವುದು ನಮಗೆ ರೂಢಿ. ಅಮೆರಿಕದ ವಿಜ್ಞಾನ ಧಾರಾವಾಹಿಗಳಲ್ಲಿ ಸಾಮಾನ್ಯವಾಗಿ ಈ ಕ್ರಮ ತಲೆಕೆಳಗು. ಕಂತುಗಳು ಪ್ರಸಾರವಾಗಿ ತಿಂಗಳುಗಳು, ಕೆಲವೊಮ್ಮೆ ದಶಕಗಳು ಕಳೆದ ಬಳಿಕ ಹಿನ್ನೆಲೆ ಸಂಗೀತದ ಸಂಪುಟ ಹೊರಬರುತ್ತದೆ, ಬಾರದೆಯೂ ಇರಬಹುದು. ಮುಂದೆ ಯಾವುದು ಬಂದೀತು ಎಂಬ ಅಭಿಮಾನಿಗಳ ಊಹಾಪೋಹಕ್ಕೆ ಈ ಅನಿಶ್ಚಿತತೆಯೇ ಮೂಲ.

ಈ ಲೋಕವನ್ನು ನನಗೆ ಪರಿಚಯಿಸಿದವನು ನನ್ನ ಮಗ. ಸಿಯಾಟಲ್ ಸಮೀಪದ ಬಾಥೆಲ್‌ನ ನಮ್ಮ ಮನೆಯಲ್ಲಿ ಅವನು 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ' ನೋಡುತ್ತಿದ್ದಾಗ ಅವನಿಗೆ ಹನ್ನೆರಡು ವರ್ಷ. ಒಂದು ಸಂಜೆ ಆಸ್ಪತ್ರೆಯಿಂದ ಬಂದವನನ್ನು ಕರೆದು, "ಅಪ್ಪಾ, ನೀನು ದಿನಾ ಹೇಳೋ ಮಂತ್ರ ಅಲ್ವಾ ಇದು?" ಎಂದ. ನಿಜ. ರಿಚರ್ಡ್ ಗಿಬ್ಸ್ ಸಂಯೋಜಿಸಿದ ಶೀರ್ಷಿಕೆ ಸಂಗೀತದ ಸಾಹಿತ್ಯ ಋಗ್ವೇದದ ಗಾಯತ್ರೀಮಂತ್ರವೇ ಆಗಿತ್ತು. ಸರಣಿಯ ಸಂಗೀತ ನಿರ್ದೇಶಕ ಬೇರ್ ಮೆಕ್‌ಕ್ರೀರಿ ಬೆಳೆದದ್ದು ನಮ್ಮ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ. ಜಪಾನಿನ ಟೈಕೋ ಭೇರಿ, ಅರ್ಮೇನಿಯದ ದುಡುಕ್ ವಾದ್ಯಗಳನ್ನು ಅವರು ಅಂತರಿಕ್ಷದ ಕಥೆಗೆ ಒದಗಿಸಿದರು. ಲಾ-ಲಾ ಲ್ಯಾಂಡ್ ರೆಕಾರ್ಡ್ಸ್ ಸಂಸ್ಥೆ 2005, 2006, 2007 ಮತ್ತು 2009ರಲ್ಲಿ ಋತುವಿಗೊಂದರಂತೆ ಸಂಪುಟಗಳನ್ನು ಹೊರತಂದಿತು. ಪ್ರತಿ ಸಂಪುಟಕ್ಕೂ ಮೊದಲು ಯಾವ ಕಂತಿನ ಯಾವ ರಾಗ ಸೇರೀತೆಂದು ಅಪ್ಪ-ಮಗ ಪಟ್ಟಿ ಮಾಡುತ್ತಿದ್ದೆವು. ಅವನ ಊಹೆಯೇ ಹೆಚ್ಚಾಗಿ ನಿಜವಾಗುತ್ತಿತ್ತು.

ಇಂಥ ಊಹೆಗೆ ಆಧಾರಗಳಿಲ್ಲದಿಲ್ಲ. ಸಂಗೀತದ ಹಕ್ಕು ಸಾಮಾನ್ಯವಾಗಿ ನಿರ್ಮಾಣ ಸಂಸ್ಥೆಯದು. ಅದರ ಅನುಮತಿ ಬೇಕು. ವಾದಕರ ಸಂಘದ ಒಪ್ಪಂದವಿದ್ದಲ್ಲಿ, ಪರದೆಗಾಗಿ ನುಡಿಸಿದ್ದನ್ನು ಮುದ್ರಿಕೆಯಾಗಿ ಮಾರಲು ಮತ್ತೆ ಸಂಭಾವನೆ ಸಲ್ಲಬೇಕು. ವಾದ್ಯವೃಂದ ದೊಡ್ಡದಾದಷ್ಟೂ ವೆಚ್ಚ ಹೆಚ್ಚು. ಇವೆಲ್ಲಕ್ಕಿಂತ ಮುಖ್ಯವಾಗಿ ಮೂಲ ಟೇಪುಗಳು ಉಳಿದಿರಬೇಕು. 1966ರಿಂದ 1969ರವರೆಗೆ ಪ್ರಸಾರವಾದ 'ಸ್ಟಾರ್ ಟ್ರೆಕ್'ನ ಸಂಗೀತ 15 ಸಿ.ಡಿ.ಗಳ ಸಮಗ್ರ ಸಂಪುಟವಾಗಿ ಬಂದದ್ದು 2012ರಲ್ಲಿ. ಅಷ್ಟು ಕಾಲ ಟೇಪುಗಳನ್ನು ಕಾಪಾಡಿದವರು ಇದ್ದರು, ಕೇಳುವವರೂ ಇದ್ದರು. ಇವೆರಡರಲ್ಲಿ ಒಂದು ತಪ್ಪಿದ್ದರೂ ಆ ಸಂಗೀತ ಸಂಭಾಷಣೆಯ ಅಡಿಯಲ್ಲಿಯೇ ಹೂತುಹೋಗುತ್ತಿತ್ತು.

2010ರಲ್ಲಿ ಸಿಯಾಟಲ್‌ನ ವಸ್ತುಸಂಗ್ರಹಾಲಯದಲ್ಲಿ, ಈಗಿನ ಮ್ಯೂಸಿಯಂ ಆಫ್ ಪಾಪ್ ಕಲ್ಚರ್‌ನಲ್ಲಿ, 'ಗ್ಯಾಲಾಕ್ಟಿಕಾ'ದ ನೌಕೆಗಳು ಪ್ರದರ್ಶನಕ್ಕೆ ಬಂದವು. ನೌಕೆಯನ್ನು ತಂದು ನಿಲ್ಲಿಸಬಹುದು. ಸಂಗೀತ ಉಳಿಯಲು ಅದನ್ನು ಕೇಳುವ ಮನೆಗಳು ಬೇಕು. ಆದ್ದರಿಂದ ಅಭಿಮಾನಿಗಳ ಊಹಾಪೋಹವನ್ನು ಬರಿಯ ಹರಟೆಯೆನ್ನಲಾರೆ. ಕೇಳುವವರು ಇನ್ನೂ ಇದ್ದಾರೆಂದು ಪ್ರಕಾಶಕರಿಗೆ ತಿಳಿಯುವುದು ಅದರಿಂದಲೇ.

ಮಗನೀಗ ಬೇರೆ ಊರಿನಲ್ಲಿದ್ದಾನೆ. ಗಾಯತ್ರಿಯನ್ನು ತಪ್ಪಿಲ್ಲದೆ ಹೇಳಬಲ್ಲ. ನಾನು ಎಷ್ಟೋ ಸಲ ಕಲಿಸಲು ಕೂರಿಸಿದ್ದೆ. ಅವನು ಕಲಿತದ್ದು ಮಾತ್ರ ಆ ಸಿ.ಡಿ.ಯಿಂದ.