ತಾತನ ಕ್ಲಾರಿನೆಟ್ಟು, ಒಂದು ಕುರ್ಚಿ

ಜನವರಿ 29ರ ಸಂಜೆ ನಮ್ಮ ಮನೆಯಲ್ಲಿ ಟಿವಿ ಚಾನೆಲ್ ಬದಲಾಯಿಸುವ ಧೈರ್ಯ ಯಾರಿಗೂ ಇರಲಿಲ್ಲ. ಅವತ್ತು ದಿಲ್ಲಿಯ ವಿಜಯ್ ಚೌಕದಲ್ಲಿ ಬೀಟಿಂಗ್ ರಿಟ್ರೀಟ್. ತಾತ ಮಧ್ಯಾಹ್ನವೇ ಗಡ್ಡ ಹೆರೆದು, ಇಸ್ತ್ರಿ ಅಂಗಿ ತೊಟ್ಟು, ದೂರದರ್ಶನದ ಮುಂದೆ ಕುರ್ಚಿ ಎಳೆದುಕೊಂಡು ಕೂರೋರು. ನಮಗೆ ಒಂಟೆ ಮೇಲೆ ಕೂತ ಸೈನಿಕರನ್ನ ನೋಡೋ ಆಸೆ. ತಾತನ ಕಣ್ಣೆಲ್ಲ ಬ್ಯಾಂಡಿನವರ ಮೇಲೆ. "ನೋಡು, ಆ ಮೂರನೇಯವನು ಉಸಿರು ತಪ್ಪಿದ" ಅನ್ನೋರು. ನಮಗೇನೂ ಗೊತ್ತಾಗ್ತಿರಲಿಲ್ಲ. ಕೊನೆಗೆ 'ಅಬೈಡ್ ವಿತ್ ಮಿ' ಬಂದಾಗ ಮಾತ್ರ ಸುಮ್ಮನಾಗಿಬಿಡೋರು. (2022ರಲ್ಲಿ ಅದನ್ನ ಕೈಬಿಟ್ಟು 'ಏ ಮೇರೆ ವತನ್ ಕೆ ಲೋಗೋ' ಸೇರಿಸಿದಾಗ ತಾತ ಇರಲಿಲ್ಲ. ಇದ್ದಿದ್ದರೆ, ಎರಡನ್ನೂ ಬಾರಿಸೋಕೆ ಏನು ಕಷ್ಟ ಅಂತ ಕೇಳಿರೋರು.)

ತಾತ ಇದ್ದದ್ದು ಮದ್ರಾಸ್ ಸ್ಯಾಪರ್ಸ್‌ನಲ್ಲಿ. ಬೆಂಗಳೂರಲ್ಲಿ ಹಲಸೂರು ಕೆರೆ ಪಕ್ಕ ಎಂಇಜಿ ಅಂತೀವಲ್ಲ, ಅದೇ. ಹೈದರಾಲಿ ಜೊತೆ ಎರಡನೇ ಯುದ್ಧ ಶುರುವಾದಾಗ, 1780ರಲ್ಲಿ, ಇಂಗ್ಲಿಷರು ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಕಟ್ಟಿದ ಎರಡು ಪಯೊನೀರ್ ತುಕಡಿಗಳೇ ಇದರ ಬೇರು. ಮೈಸೂರಿನ ಮೇಲೆ ದಂಡು ಬಂದವರು ಕೊನೆಗೆ ಮೈಸೂರು ಸೀಮೆಯಲ್ಲೇ ಬಿಡಾರ ಹೂಡಿದರು. "ನಮ್ಮನ್ನ ಹೊಡೆಯೋಕೆ ಹುಟ್ಟಿದ ಪಲ್ಟನ್ನು ನಮಗೇ ಅನ್ನ ಹಾಕ್ತು ನೋಡು" ಅಂತ ತಾತ ನಗೋರು. ಸೇತುವೆ ಕಟ್ಟೋದು, ನೆಲಬಾಂಬ್ ತೆಗೆಯೋದು ಆ ಪಡೆಯ ಕೆಲಸ. ತಾತ ಅದ್ಯಾವುದನ್ನೂ ಮಾಡಲಿಲ್ಲ. ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದರು.

ಹಾಗಂತ ಯುದ್ಧ ನೋಡಿಲ್ಲ ಅಂತಲ್ಲ. ಯುದ್ಧ ಬಂದಾಗ ಬ್ಯಾಂಡಿನವರ ಕೈಗೆ ಸ್ಟ್ರೆಚರ್ ಬರುತ್ತೆ, ಇದು ಸೇನೆಯ ಹಳೇ ಪದ್ಧತಿ. 1965ರಲ್ಲಿ ತಾತನೂ ಸ್ಟ್ರೆಚರ್ ಹಿಡಿದರು. ಅದರ ಬಗ್ಗೆ ನಮಗೆ ಹೇಳಿದ್ದು ಒಂದೇ ಮಾತು: "ಹೊರೋ ನಾಲ್ಕು ಜನದ ತಾಳ ತಪ್ಪಿದ್ರೆ ಮಲಗಿದೋನಿಗೆ ನೋವಾಗುತ್ತೆ."

ಈಗ ನಮ್ಮ ಮನೆ ವಿಷಯ ಹೇಳಬೇಕು. ನಮ್ಮದು ವಾಲಗದ ಮನೆ. ಮುತ್ತಾತ ನಾಗಸ್ವರ, ಅವರ ಅಣ್ಣ ಡೋಲು. ಮದುವೆ, ತೇರು, ದೇವರ ಉತ್ಸವ ಯಾವುದೂ ನಾವಿಲ್ಲದೆ ನಡೀತಿರಲಿಲ್ಲ. ಆದರೆ ನಮ್ಮವರು ಕೂರುತ್ತಿದ್ದದ್ದು ಚಪ್ಪರದ ಬಾಗಿಲಲ್ಲಿ, ಗೋಣಿತಾಟಿನ ಮೇಲೆ. ಊಟ ಕೊನೆ ಪಂಕ್ತಿ ಮುಗಿದ ಮೇಲೆ. ಮಾಂಗಲ್ಯಧಾರಣೆಗೆ ನಮ್ಮ ಗಟ್ಟಿಮೇಳ ಬೇಕು, ಪಂಕ್ತಿಗೆ ನಾವು ಬೇಡ. ಹದಿನೆಂಟಕ್ಕೆ ಸೇನೆ ಸೇರಿದ ಹುಡುಗನಿಗೆ ಏನು ಬರುತ್ತೆ ಅಂತ ಕೇಳಿದರಂತೆ. ಊದೋಕೆ ಬರುತ್ತೆ ಅಂದರಂತೆ. ಅಲ್ಲಿ ಅವರಿಗೆ ಮೊದಲು ಸಿಕ್ಕಿದ್ದು ಕ್ಲಾರಿನೆಟ್ ಅಲ್ಲ, ಕೂರೋಕೆ ಒಂದು ಕುರ್ಚಿ, ಅದರ ಮುಂದೆ ನೋಟೇಶನ್ ಹಾಳೆ ಇಡೋ ಸ್ಟ್ಯಾಂಡು. ಇದನ್ನ ತಾತ ನೂರು ಸಲ ಹೇಳಿದ್ದಾರೆ.

ಕಾಲವೂ ಕೂಡಿಬಂದಿತ್ತು. ಬ್ರಿಟಿಷ್ ಬ್ಯಾಂಡ್ ಮಾಸ್ಟರುಗಳು ಹೊರಟುಹೋದ ಮೇಲೆ ನಮ್ಮವರನ್ನೇ ತಯಾರು ಮಾಡಬೇಕಿತ್ತು. ಕೊಡಗಿನ ಕಾರ್ಯಪ್ಪನವರು ಸೇನೆಯ ಮುಖ್ಯಸ್ಥರಾಗಿದ್ದಾಗ, 1950ರಲ್ಲಿ, ಸೇನಾ ಸಂಗೀತದ ತರಬೇತಿಗೆ ಅಂತಲೇ ಒಂದು ಶಾಲೆ ಶುರುವಾಯ್ತು. ಅದು ಈಗ ಮಧ್ಯಪ್ರದೇಶದ ಪಚ್‌ಮಡಿಯಲ್ಲಿದೆ. ತಾತ ಅಲ್ಲಿಗೂ ಹೋಗಿ ಬಂದರು. ಬಿ ಫ್ಲಾಟ್ ಕ್ಲಾರಿನೆಟ್ಟಿನಲ್ಲಿ ಹಾಳೆ ಮೇಲೆ 'ಸಿ' ಅಂತ ಬರೆದದ್ದನ್ನ ಊದಿದರೆ ಕಿವಿಗೆ ಬೀಳೋದು ಬಿ ಫ್ಲಾಟ್. ನಾನು ಇಂಜಿನಿಯರಿಂಗ್ ಓದುವಾಗ ತಾತ ಇದನ್ನ ವಿವರಿಸಿದರು. "ಆಫ್‌ಸೆಟ್ ಅನ್ನಿ" ಅಂದೆ. "ಏನಾದ್ರೂ ಅನ್ಕೋ, ಷಡ್ಜ ಎಲ್ಲಿಟ್ರೂ ಷಡ್ಜಾನೇ" ಅಂದರು.

ದಂಡಿನ ವಾದ್ಯ ನಮ್ಮ ಸಂಗೀತದೊಳಕ್ಕೆ ಬಂದದ್ದು ತಾತನಿಂದಲೇನೂ ಅಲ್ಲ. ಆ ಕಥೆ ಇನ್ನೂರು ವರ್ಷಕ್ಕೂ ಹಳೆಯದು, ಶುರುವಾಗೋದು ಅದೇ ಸೇಂಟ್ ಜಾರ್ಜ್ ಕೋಟೆಯಲ್ಲಿ. ಮುತ್ತುಸ್ವಾಮಿ ದೀಕ್ಷಿತರ ಕುಟುಂಬ ಮದ್ರಾಸಿನ ಹತ್ತಿರದ ಮಣಲಿಯಲ್ಲಿತ್ತು. ಅಲ್ಲಿನ ಮೊದಲಿಯಾರರು ಅವರನ್ನ ಕೋಟೆಗೆ ಕರೆದುಕೊಂಡು ಹೋಗಿ ಇಂಗ್ಲಿಷರ ಬ್ಯಾಂಡ್ ಕೇಳಿಸಿದರು. ದೀಕ್ಷಿತರು ಆ ಮಟ್ಟುಗಳಿಗೆ ಸಂಸ್ಕೃತದಲ್ಲಿ ಸಾಹಿತ್ಯ ಬರೆದರು. ಅವೇ ನೊಟ್ಟುಸ್ವರಗಳು, ಎಲ್ಲಾ ಶಂಕರಾಭರಣದ ಸ್ವರಗಳಲ್ಲಿ. ಅದರಲ್ಲೊಂದು 'ಸಂತತಂ ಪಾಹಿಮಾಂ'. ಅದರ ಮಟ್ಟು ಸಾಕ್ಷಾತ್ ಇಂಗ್ಲೆಂಡಿನ ರಾಷ್ಟ್ರಗೀತೆಯದು! ರಾಜನನ್ನ ಕಾಪಾಡು ಅಂತ ಅವರು ಹಾಡಿದ ಮಟ್ಟಿನಲ್ಲೇ ಇವರು ದೇವಿಗೆ, ನನ್ನ ಕಾಪಾಡು ತಾಯಿ ಅಂದರು. ದೀಕ್ಷಿತರ ತಮ್ಮ ಬಾಲುಸ್ವಾಮಿ ಇನ್ನೂ ಮುಂದೆ ಹೋಗಿ, ಯುರೋಪಿನವರಿಂದ ಪಿಟೀಲನ್ನೇ ಕಲಿತು ನಮ್ಮ ಶೃತಿಗೆ ಹೊಂದಿಸಿಕೊಂಡರು. ಇವತ್ತು ಪಿಟೀಲಿಲ್ಲದ ಕಚೇರಿ ಉಂಟೆ?

ಪಿಟೀಲಿನಲ್ಲಿ ಬೆರಳು ಜಾರುತ್ತೆ, ಹಾಗಾಗಿ ಗಮಕ ಸಲೀಸು. ಕ್ಲಾರಿನೆಟ್ಟಿಗೆ ಕೀಲಿಗಳಿವೆ, ಒಂದು ಸ್ವರದಿಂದ ಇನ್ನೊಂದಕ್ಕೆ ಮೆಟ್ಟಿಲು ಹತ್ತಿದ ಹಾಗೆ. ನಾಗಸ್ವರದ್ದು ಬರೀ ತೂತು. ಉಸಿರು, ತುಟಿ, ಅರ್ಧ ಮುಚ್ಚಿದ ಬೆರಳು, ಇಷ್ಟರಲ್ಲೇ ಸ್ವರ ಬಾಗುತ್ತೆ. ಈ ಕೀಲಿಯ ವಾದ್ಯವನ್ನ ಬಾಗಿಸಿದ ದೊಡ್ಡ ಹೆಸರು ನಮ್ಮ ಕದ್ರಿ ಗೋಪಾಲನಾಥರು. ಬಂಟ್ವಾಳದ ಕಡೆಯವರು, ತಂದೆ ನಾಗಸ್ವರ ವಿದ್ವಾಂಸರು. ಫ್ರಾನ್ಸಿನ ಸೇನೆ 1840ರ ದಶಕದಲ್ಲಿ ತನ್ನ ಬ್ಯಾಂಡಿಗೆ ಸೇರಿಸಿಕೊಂಡ ಸ್ಯಾಕ್ಸೋಫೋನು ಮೈಸೂರು ಅರಮನೆಯ ಬ್ಯಾಂಡಿಗೆ ಬಂದಿತ್ತು. ಅದನ್ನ ಕೇಳಿದ ಹುಡುಗ ಮರುಳಾದ. ವಾದ್ಯವನ್ನೇ ಗಮಕಕ್ಕೆ ತಕ್ಕ ಹಾಗೆ ತಿದ್ದಿಕೊಂಡು, ವರ್ಷಗಟ್ಟಲೆ ಸಾಧನೆ ಮಾಡಿ, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನುಡಿಸಿದರು. ಅವರ ಕ್ಯಾಸೆಟ್ ಹಾಕಿದಾಗೆಲ್ಲ ತಾತ ಹೇಳ್ತಿದ್ದದ್ದು, "ಊದ್ತಿರೋದು ಸ್ಯಾಕ್ಸು. ಕೇಳ್ತಿರೋದು ಅವರಪ್ಪನ ನಾಗಸ್ವರ."

ತಾತ 1967ರಲ್ಲಿ ಪೆನ್ಷನ್ ತಗೊಂಡು ಊರಿಗೆ ಬಂದರು. ಮುತ್ತಾತ ತೀರಿಕೊಂಡಿದ್ದರು. ನಾಗಸ್ವರ ಚಿಕ್ಕತಾತನ ಕೈಯಲ್ಲಿತ್ತು. ಜೊತೆಗೆ ಕ್ಲಾರಿನೆಟ್ ಇದ್ದರೆ ಸುತ್ತ ಹತ್ತೂರಿನ ಮದುವೆ ನಮಗೇ ಅಂತ ತಮ್ಮನ ಲೆಕ್ಕಾಚಾರ. ತಾತ ಒಂದೇ ಷರತ್ತು ಹಾಕಿದರು: "ಕುರ್ಚಿ ಹಾಕಿದ್ರೆ ಬರ್ತೀನಿ." ಮದುವೆ ಮನೆಯ ಯಜಮಾನರು ನಕ್ಕರಂತೆ. "ವಾಲಗದೋರಿಗೆ ಕುರ್ಚಿ ಹಾಕಿದ್ರೆ ಬೀಗರಿಗೆ ಏನು ಹಾಕೋದು?" ತಾತ ಮನೆಗೆ ವಾಪಸ್. ಆ ಮದುವೆಯ ವಾಲಗ ಬೇರೆಯವರ ಪಾಲಾಯ್ತು, ಆಮೇಲೆ ಇನ್ನೂ ನಾಲ್ಕಾರು ಮದುವೆಗಳೂ ಹೋದವು. ಚಿಕ್ಕತಾತ ಜಗಲಿ ಮೇಲೆ ನಿಂತು ಕೇಳಿದರಂತೆ: "ನೀನು ಪೆನ್ಷನ್ ತಗೋತೀಯ. ನಾನು ಅಕ್ಕಿ ತಗೋಬೇಕು. ನನಗೆ ಕುರ್ಚಿ ಯಾರು ಕೊಡ್ತಾರೆ?" ಅಲ್ಲಿಗೆ ಅಣ್ಣತಮ್ಮಂದಿರ ಮಾತು ನಿಂತಿತು, ಎಂಟು ವರ್ಷ.

ನಾನು ತುಂಬಾ ದಿನ ತಾತನ ಪರವಾಗಿಯೇ ಇದ್ದೆ. ಈಗ ಅಷ್ಟು ಸುಲಭವಾಗಿ ಹೇಳೋಕಾಗಲ್ಲ. ತಾತ ಅಪ್ಪನ ಕೈಗೆ ವಾದ್ಯ ಕೊಡಲಿಲ್ಲ, ಟೈಪಿಂಗ್‌ಗೆ ಕಳಿಸಿದರು. ಅಪ್ಪ ಗುಮಾಸ್ತರಾದರು, ನಾನು ಬಿಇ ಮಾಡಿದೆ, ದಿನವಿಡೀ ಗಾಲಿ ಕುರ್ಚಿಯಲ್ಲಿ ಕೂತು ಕೋಡ್ ಬರೀತೀನಿ. ಚಿಕ್ಕತಾತನ ಮಕ್ಕಳೂ ಕಲಿಯಲಿಲ್ಲ. ನಾಲ್ಕು ತಲೆಮಾರಿನ ವಾಲಗ ನಮ್ಮ ಎರಡೂ ಮನೆಯಲ್ಲಿ ಈಗ ಯಾರಿಗೂ ಬರಲ್ಲ. ತಾತ ಹೋದದ್ದು 2009ರಲ್ಲಿ. ಹೆಗಲು ಕೊಟ್ಟ ನಮ್ಮ ನಾಲ್ಕು ಜನರ ಹೆಜ್ಜೆ ಒಂದೇ ತಾಳದಲ್ಲಿರಲಿಲ್ಲ ಅನ್ನೋದು ನನಗೆ ನೆನಪಿದೆ.

ಹೋದ ವರ್ಷ ಊರ ಮನೆ ಅಟ್ಟದಿಂದ ಕ್ಲಾರಿನೆಟ್ ಪೆಟ್ಟಿಗೆ ಬೆಂಗಳೂರಿಗೆ ತಂದೆ. ಪ್ಯಾಡುಗಳು ಒಣಗಿ ಉದುರಿದ್ದವು, ರೀಡ್ ಸೀಳಿತ್ತು. ರಿಪೇರಿ ಮಾಡುವವನು ಬಾಡಿ ಚೆನ್ನಾಗಿದೆ, ಆಗುತ್ತೆ ಅಂದ. ಪೆಟ್ಟಿಗೆಯಲ್ಲಿ ಒಂದು ನೋಟ್‌ಬುಕ್ಕೂ ಇತ್ತು. ಎಡಗಡೆ ಪುಟದಲ್ಲಿ ಐದು ಗೆರೆಯ ಇಂಗ್ಲಿಷ್ ನೋಟೇಶನ್ನು, ಬಲಗಡೆ ಅದೇ ಸ್ವರ ಕನ್ನಡದಲ್ಲಿ ಸರಿಗಮ. ಗಮಕಕ್ಕೆ ತಾತ ತಮ್ಮದೇ ಏನೋ ಅಂಕುಡೊಂಕು ಗುರುತು ಮಾಡಿಕೊಂಡಿದ್ದಾರೆ. ಮೊದಲನೇದು 'ಸಂತತಂ ಪಾಹಿಮಾಂ'. ಕೊನೆಯದಕ್ಕೆ ತಲೆಬರಹ: "ತೋಡಿ. ತಮ್ಮ ತೇರಿನಲ್ಲಿ ನುಡಿಸಿದ್ದು. 1971". ಅದು ಮಾತು ಬಿಟ್ಟಿದ್ದ ಕಾಲ. ತೇರಿನ ದಿನ ತಾತ ಜನರ ಮಧ್ಯೆ ಎಲ್ಲೋ ನಿಂತು ಕೇಳಿ, ಮನೆಗೆ ಬಂದು ಬರೆದಿಟ್ಟಿದ್ದಾರೆ. ಬಲಗಡೆ ಪುಟ ತುಂಬಾ ಸರಿಗಮ, ಅದರ ಮೇಲೆಲ್ಲ ಆ ಗುರುತುಗಳು. ಎಡಗಡೆ ಐದು ಗೆರೆ ಎಳೆದು ಹಾಗೇ ಬಿಟ್ಟಿದ್ದಾರೆ.